ಬೆಂಚಿನ ಮೇಲೆ ಕೂತವನು

ಶಾಲೆ ಬಿಡುವ ಹೊತ್ತಿಗೆ ಆ ಬೀದಿಯ ಚಹರೆಯೇ ಬದಲಾಗುತ್ತಿತ್ತು. ಸ್ಕೂಟರುಗಳು ಫುಟ್‌ಪಾತ್ ಏರಿ ನಿಲ್ಲುತ್ತಿದ್ದವು, ಅಮ್ಮಂದಿರು ಗೇಟಿನ ಮುಂದೆ ಗುಂಪುಗೂಡುತ್ತಿದ್ದರು. ಗಂಟೆ ಬಾರಿಸಿದ್ದೇ ತಡ, ಒಂದೇ ಬಣ್ಣದ ಸಮವಸ್ತ್ರದ ಮಕ್ಕಳು ಕಟ್ಟೆಯೊಡೆದಂತೆ ಹೊರಗೆ ನುಗ್ಗುತ್ತಿದ್ದರು. ಆ ಸಮವಸ್ತ್ರಗಳಲ್ಲಿ ಅರ್ಧಕ್ಕರ್ಧ ಎದುರಿನ ಹೊಲಿಗೆ ಅಂಗಡಿಯಲ್ಲೇ ತಯಾರಾದವು. ಅಂಗಡಿಯಾಕೆಯನ್ನು ಬೀದಿಯವರೆಲ್ಲ ಟೈಲರಕ್ಕ ಎನ್ನುತ್ತಿದ್ದರು. ಮೆಷಿನ್ನಿನ ಮುಂದೆ ಕೂತರೆ ಅವಳಿಗೆ ಶಾಲೆಯ ಗೇಟು, ಪಾರ್ಕಿನ ಗೋಡೆ, ಗೋಡೆಗೆ ಒತ್ತಿದಂತಿದ್ದ ಕಲ್ಲುಬೆಂಚು ಎಲ್ಲವೂ ಕಾಣುತ್ತಿದ್ದವು.

ಆ ಬೆಂಚಿನ ಮೇಲೆ ಕೆಲವು ದಿನಗಳಿಂದ ಒಬ್ಬ ಗಂಡಸು ಬಂದು ಕೂರುತ್ತಿದ್ದ. ನಡುವಯಸ್ಸು, ಒಣಕಲು ಮೈ, ಕಾಲರು ಸವೆದ ನೀಲಿ ಅಂಗಿ. ಕೈಯಲ್ಲಿ ಫೋನಿಲ್ಲ, ಪೇಪರಿಲ್ಲ. ಮಧ್ಯಾಹ್ನ ಕೂತರೆ ಬಿಸಿಲು ಇಳಿಯುವವರೆಗೂ ಏಳುತ್ತಿರಲಿಲ್ಲ. ಮಕ್ಕಳು ಹೊರಬಂದಾಗ ಮಾತ್ರ ಕತ್ತೆತ್ತಿ ನೋಡುತ್ತಿದ್ದ. ಅಷ್ಟು ಗದ್ದಲಕ್ಕೆ ಯಾರಾದರೂ ಕತ್ತೆತ್ತಿ ನೋಡುತ್ತಾರೆ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಹೊಳೆಯುವ ಕಾಲವೂ ಅದಾಗಿರಲಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರುತ್ತಿತ್ತು. ಪಕ್ಕದ ಬಡಾವಣೆಯಲ್ಲಿ ಯಾವುದೋ ಮಗುವನ್ನು ವ್ಯಾನಿಗೆ ಎಳೆದುಕೊಂಡರಂತೆ. ಯಾರ ಮಗು ಎಂದರೆ ಯಾರಿಗೂ ಗೊತ್ತಿಲ್ಲ, ಆದರೆ ವ್ಯಾನಿನ ಬಣ್ಣ ಎಲ್ಲರಿಗೂ ಗೊತ್ತು.

"ಅಕ್ಕಾ, ಆ ಮನುಷ್ಯನ್ನ ಗಮನಿಸಿದ್ರಾ?" ಎಂದು ಪಕ್ಕದ ಮೆಡಿಕಲ್ ಅಂಗಡಿಯವನು ಬಂದು ಪಿಸುಗುಟ್ಟಿದ. "ಮಾತಾಡಿಸೋಕೆ ಹೋದ್ರೆ ಮುಖ ತಿರುಗಿಸ್ಬಿಟ್ಟ."

"ಯಾರಂತೆ?"

"ಯಾರಿಗ್ಗೊತ್ತು! ಅದೇ ತಾನೇ ಭಯ."

ಅವಳೂ ಬೆಂಚಿನತ್ತ ಮತ್ತೊಮ್ಮೆ ನೋಡಿದಳು. ಅವಳಿಗೆ ಮಕ್ಕಳಿಲ್ಲ. ಆದರೆ ಮೈದುನನ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ತಾಯಿಯಿಲ್ಲದ ಆ ಹುಡುಗಿಯನ್ನು ಅವಳೇ ಎತ್ತಿ ಆಡಿಸಿ ಬೆಳೆಸಿದ್ದಳು. ಗಂಡ ಲಾರಿ ಓಡಿಸಿಕೊಂಡು ಊರೂರು ಸುತ್ತುವವನು. ಮನೆಯಲ್ಲಿ ಅತ್ತೆ, ಮೈದುನ, ಈ ಹುಡುಗಿ, ಅವಳು. ಆ ಮಧ್ಯಾಹ್ನ ಬಟ್ಟೆಯ ರಾಶಿಯ ಮರೆಯಲ್ಲಿ ನಿಂತು ಫೋನೆತ್ತಿ ಅವನ ಫೋಟೋ ತೆಗೆದಳು. ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಿ, "ಇವರು ಯಾರು ಅಂತ ಯಾರಿಗಾದರೂ ಗೊತ್ತಾ? ದಿನಾ ಶಾಲೆ ಎದುರು ಕೂತಿರ್ತಾರೆ. ಸ್ವಲ್ಪ ಹುಷಾರು" ಎಂದು ಬರೆದಳು.

ಮರುದಿನ ಬೆಳಿಗ್ಗೆ ಅದೇ ಫೋಟೋ ಬೇರೆ ಯಾವುದೋ ಗುಂಪಿನಿಂದ ಅವಳ ಫೋನಿಗೇ ಬಂತು. ಅವಳ ಪ್ರಶ್ನೆ ಕಾಣೆಯಾಗಿತ್ತು. ಅದರ ಜಾಗದಲ್ಲಿ, "ಮಕ್ಕಳ ಕಳ್ಳರ ಗ್ಯಾಂಗಿನವನು. ಕಂಡಲ್ಲಿ ಹಿಡಿಯಿರಿ" ಎಂದಿತ್ತು. ಇದು ನಾನು ತೆಗೆದ ಫೋಟೋ, ನಾನು ಹಾಗೆ ಬರೆದಿಲ್ಲ ಎಂದು ಹೇಳಿಬಿಡಬೇಕೆಂದು ಬೆರಳು ಆಡಿಸಿದಳು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಅವನು ಕಳ್ಳನೇ ಆಗಿದ್ದರೆ? ಅಲ್ಲ ಎಂದು ಹೇಳಿದ ಮೇಲೆ ನಾಳೆ ಏನಾದರೂ ಆಗಿಬಿಟ್ಟರೆ? ಫೋನನ್ನು ಮಗುಚಿಟ್ಟು ಮೆಷಿನ್ ತುಳಿಯತೊಡಗಿದಳು.

ಅಂದು ಮಧ್ಯಾಹ್ನ ಮಗಳನ್ನು ಕರೆದೊಯ್ಯಲು ಬಂದ ಮೈದುನ ಗೇಟಿನ ಹತ್ತಿರ ಹೋಗುವ ಬದಲು ನೇರ ಬೆಂಚಿನತ್ತ ನಡೆದ. ಫೋನನ್ನು ಬೆಂಚಿನವನ ಮುಖದ ಪಕ್ಕ ಹಿಡಿದು ನೋಡಿದ. "ಇವನೇ! ಇವನೇ ಕಣ್ರೋ!" ಎಂದು ಕೂಗಿ ಕಪಾಳಕ್ಕೆ ಒಂದು ಬಿಟ್ಟ. ಆಮೇಲೆ ಯಾರು ಯಾರೋ ಓಡಿಬಂದರು. ಹೆಲ್ಮೆಟ್ ಹಿಡಿದವರು, ಬೆಲ್ಟ್ ಬಿಚ್ಚಿದವರು, ಬರೀ ವಿಡಿಯೋ ಮಾಡುವವರು. ನೀಲಿ ಅಂಗಿ ಗುಂಪಿನಲ್ಲಿ ಮುಳುಗಿಹೋಯಿತು.

ಟೈಲರಕ್ಕ ಹೇಗೆ ರಸ್ತೆ ದಾಟಿದಳೋ ಅವಳಿಗೇ ಗೊತ್ತಿಲ್ಲ. "ಬಿಡ್ರೋ! ಸತ್ತುಹೋಗ್ತಾನೆ, ಬಿಡ್ರೋ!" ಎಂದು ಕಿರುಚುತ್ತ ನುಗ್ಗಿ, ಅವನ ತೋಳು ಹಿಡಿದು ಎಳೆದಳು. ಎಲ್ಲರ ಮಕ್ಕಳ ಅಳತೆ ತೆಗೆದ ಹೆಂಗಸು ಎಂಬ ದಾಕ್ಷಿಣ್ಯಕ್ಕೋ ಏನೋ ಜನ ಒಂದು ಗಳಿಗೆ ಹಿಂಜರಿದರು. ಆ ಗಳಿಗೆಯಲ್ಲೇ ಅವನನ್ನು ಅಂಗಡಿಯೊಳಗೆ ದೂಡಿ ಷಟರ್ ಎಳೆದುಕೊಂಡಳು.

ಒಳಗೆ ಕತ್ತಲಾಯಿತು. ಷಟರಿನ ಸಂದಿಯಿಂದ ಬಂದ ಬೆಳಕಿನಲ್ಲಿ ಅವನ ತುಟಿಯಿಂದ ರಕ್ತ ಸೋರುವುದು ಕಂಡಿತು. ಪೊಲೀಸರಿಗೆ ಫೋನ್ ಮಾಡಿ ವಿಳಾಸ ಹೇಳಿದ ಮೇಲೆ ಅವಳಿಗೆ ತಾನು ಯಾರ ಜೊತೆ ಬಾಗಿಲು ಹಾಕಿಕೊಂಡಿದ್ದೇನೆ ಎಂಬ ಅರಿವಾಯಿತು. ಮೆಲ್ಲಗೆ ಸರಿದು ಕತ್ತರಿಯನ್ನು ಕೈಗೆಟುಕುವಂತೆ ಇಟ್ಟುಕೊಂಡಳು. ಅವನು ಅದನ್ನು ನೋಡಿದ. ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಗೊರಗಿ ಕುಸಿದ.

ಅವಳು ಅಸ್ತರಿನ ಬಟ್ಟೆಯ ತುಂಡೊಂದನ್ನು ಅವನತ್ತ ಎಸೆದು ಕೇಳಿದಳು, "ನಿಜ ಹೇಳಿ. ದಿನಾ ಅಲ್ಲಿ ಯಾಕೆ ಕೂತ್ಕೋತೀರ?"

"ಕೂತ್ಕೊಳ್ಳೋಕೆ."

"ಅಂದ್ರೆ?"

"ಒಂದು ರೂಮು, ಪಾಳಿ ಮೇಲೆ ಮಲಗೋರು ನಾವು. ಸಂಜೆವರೆಗೂ ಹಾಸಿಗೆ ಬೇರೆಯವನದು. ನಾನು ಬೆಳಗಿನ ಜಾವದಿಂದ ಅಪಾರ್ಟ್‌ಮೆಂಟಿನ ಮೆಟ್ಟಿಲು ಒರೆಸ್ತೀನಿ. ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತೆ. ಆಮೇಲೆ ಎಲ್ಲಿಗೆ ಹೋಗ್ಲಿ? ಪಾರ್ಕಿನೊಳಗಿನ ಬೆಂಚುಗಳನ್ನ ಕಿತ್ತಾಕಿದ್ದಾರಲ್ಲ."

ಕಂಡಕಂಡವರು ಬಂದು ಮಲಗುತ್ತಾರೆಂದು ಆ ಬೆಂಚುಗಳನ್ನು ತೆಗೆಸಿದ್ದು ಬೀದಿಯ ಸಂಘ. ಸಭೆಯಲ್ಲಿ ಕೈ ಎತ್ತಿದವರಲ್ಲಿ ಅವಳೂ ಒಬ್ಬಳು.

"ಮೆಡಿಕಲ್‌ನವರು ಮಾತಾಡಿಸಿದಾಗ ಇದನ್ನೇ ಹೇಳ್ಬಹುದಿತ್ತಲ್ಲ?"

"ಅವರೆಲ್ಲಿ ಮಾತಾಡಿಸಿದ್ರು? 'ಏಯ್, ಎದ್ದೇಳು' ಅಂದ್ರು."

ಸುಳ್ಳು ಹೇಳುವವರೂ ಹೀಗೇ ಅಲ್ಲವೇ ಹೇಳುವುದು ಎಂದುಕೊಂಡಳು. ಕತ್ತರಿಯ ಮೇಲಿನ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಷಟರ್ ಧಡಧಡ ಅಲುಗಿತು. "ಅತ್ತಿಗೇ, ತೆಗೀರಿ! ನಿಮಗೇನಾದ್ರೂ ಮಾಡ್ಬಿಡ್ತಾನೆ!" ಮೈದುನನ ದನಿ.

ಅನುಮಾನ ಇನ್ನೂ ಹೋಗಿರಲಿಲ್ಲ. ಆದರೂ ಬೆನ್ನನ್ನು ಷಟರಿಗೆ ಕೊಟ್ಟು ನಿಂತು, "ಪೊಲೀಸ್ರು ಬರ್ಲಿ, ತೆಗೀತೀನಿ" ಎಂದಳು.

ಜೀಪಿನ ಸದ್ದಿಗೆ ಅರ್ಧ ಬೀದಿ ಖಾಲಿಯಾಯಿತು. ಇನ್ಸ್‌ಪೆಕ್ಟರ್ ಒಬ್ಬ ಹೆಂಗಸು, ನಿದ್ದೆಗೆಟ್ಟ ಕಣ್ಣು, ಗಡಸು ಮಾತು. ಗಾಯಗೊಂಡವನನ್ನು ಆಸ್ಪತ್ರೆಗೆ ಕಳಿಸಿ, "ಯಾರು ಮೊದಲು ಕೈ ಮಾಡಿದ್ದು?" ಎಂದು ಕೇಳಿದರು.

"ಗದ್ದಲದಲ್ಲಿ ಗೊತ್ತಾಗ್ಲಿಲ್ಲ ಮೇಡಂ," ಎಂದ ಮೆಡಿಕಲ್‌ನವನು. ಇಷ್ಟು ಹೊತ್ತು ವಿಡಿಯೋ ಮಾಡುತ್ತಿದ್ದವರ ಫೋನುಗಳೆಲ್ಲ ಜೇಬು ಸೇರಿದ್ದವು. ಮೈದುನ ಮಗಳ ಕೈ ಹಿಡಿದು ದೂರದಲ್ಲಿ ನಿಂತಿದ್ದ. ಅವನು ಅತ್ತಿಗೆಯನ್ನೇ ನೋಡುತ್ತಿದ್ದ. ಅವಳು ನೆಲ ನೋಡಿದಳು.

"ಎಷ್ಟು ಜನ ಇದ್ದೀರಿ, ಒಬ್ಬರಿಗೂ ಕಣ್ಣಿಲ್ಲ," ಎಂದು ಇನ್ಸ್‌ಪೆಕ್ಟರ್ ಜೀಪು ಹತ್ತಿದರು.

ಮನೆಯಲ್ಲಿ ಅವಳು ಬಾಯಿ ಬಿಡುವ ಮುಂಚೆಯೇ ಅತ್ತೆ ವಿಷಯ ಮುಗಿಸಿಬಿಟ್ಟರು. "ಮನೆ ಮಾತು ಮನೇಲೇ ಇರ್ಲಿ ಕಣಮ್ಮ. ಸ್ಟೇಷನ್ ಮೆಟ್ಟಿಲು ಹತ್ತಿ ಉದ್ಧಾರ ಆದೋರು ಯಾರಿದ್ದಾರೆ? ಇವತ್ತು ಸಾಕ್ಷಿ ಅಂತಾರೆ, ನಾಳೆ ನಿನ್ನನ್ನೇ ಸಿಕ್ಕಿಸ್ತಾರೆ." ಅದು ಅವಳಿಗೂ ಅನಿಸಿದ್ದೇ. ಖಾಕಿ ಕಂಡರೆ ರಸ್ತೆ ಬದಲಿಸಿ ನಡೆದವಳು ಅವಳು. ಆದರೆ ಕಿವಿ ಮುಚ್ಚಿಕೊಂಡು ಕುಸಿದ ಆ ಮನುಷ್ಯ ಕಣ್ಣಮುಂದಿಂದ ಹೋಗಲೊಲ್ಲ.

ಬೆಳಿಗ್ಗೆ ಅಂಗಡಿ ತೆರೆಯದೆ ನೇರ ಸ್ಟೇಷನ್ನಿಗೆ ಹೋದಳು. ಇನ್ಸ್‌ಪೆಕ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿನ್ನೆ ಬಾಯಿ ಇರ್ಲಿಲ್ವಾ? ಇವತ್ತು ಯಾಕೆ ಬಂದ್ರಿ? ಯಾರು ಕಳಿಸಿದ್ದು?" ಎಂದರು. ತನ್ನನ್ನೇ ಹೀಗೆ ಅನುಮಾನದಿಂದ ನೋಡುವ ಕಣ್ಣನ್ನು ಅವಳು ಅದುವರೆಗೆ ಎದುರಿಸಿರಲಿಲ್ಲ.

"ಯಾರೂ ಕಳಿಸ್ಲಿಲ್ಲ ಮೇಡಂ. ಅವರು ಹೇಗಿದ್ದಾರೆ?"

"ಕಿವಿ ತಮಟೆ ಒಡೆದಿದೆ. ರೂಮು, ಹಾಸಿಗೆ, ಕೆಲಸ ಎಲ್ಲ ವಿಚಾರಿಸಿದ್ವಿ. ಹೇಳಿದ್ದೆಲ್ಲ ನಿಜ. ಈಗ ಕೆಲಸ ಇಲ್ಲ ಅಷ್ಟೆ. ಅಪಾರ್ಟ್‌ಮೆಂಟಿನವರೂ ಆ ಫೋಟೋ ನೋಡಿದ್ದಾರೆ, ಇನ್ನು ಬರ್ಬೇಡ ಅಂದಿದ್ದಾರೆ."

"ಮಗು ಕಳುವಾದದ್ದು?"

"ಯಾವ ಮಗು? ಇಡೀ ನಗರದಲ್ಲಿ ಅಂಥ ಒಂದು ದೂರೂ ಇಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಮೊದಲು ಹೊಡೆದದ್ದು ನನ್ನ ಮೈದುನ. ನನ್ನ ಗಂಡನ ಒಡಹುಟ್ಟಿದ ತಮ್ಮ. ಬರ್ಕೊಳ್ಳಿ ಮೇಡಂ. ಇನ್ನೂ ಇದೆ ಹೇಳೋದು."

ಇನ್ಸ್‌ಪೆಕ್ಟರ್ ಮೊದಲ ಸಲ ಕುರ್ಚಿ ತೋರಿಸಿ, "ಕೂತ್ಕೊಳ್ಳಿ" ಎಂದರು.

ಸಂಜೆ ಅಂಗಡಿಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಸುದ್ದಿ ಅವಳಿಗಿಂತ ಮೊದಲೇ ಬೀದಿ ತಲುಪಿತ್ತು. ಬಂದವನು ಮೈದುನ ಒಬ್ಬನೇ. ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತ. ಕಣ್ಣುಗಳು ಕೆಂಡವಾಗಿದ್ದವು.

"ನನ್ನ ಹೆಸರು ಕೊಟ್ಟು ಬಂದ್ರಂತೆ."

"ಕೊಟ್ಟೆ."

"ತಾಯಿ ಥರ ನೋಡ್ದೆ ನಿಮ್ಮನ್ನ. ನಾನೇನು ಸುಮ್ಮನೆ ಹೊಡೆದ್ನಾ? ನನ್ನ ಮಗಳಿಗೋಸ್ಕರ ಹೊಡೆದೆ. ಆ ಫೋಟೋ ಹಾಕಿದ್ದು ಯಾರು? ಹುಷಾರು ಅಂತ ಬರೆದಿದ್ದು ಯಾರು? ನಿಮ್ಮ ಮಾತು ನಂಬಿ ಹೊಡೆದೆ ಅತ್ತಿಗೆ! ಅದನ್ನ ಹೇಳಿದ್ರಾ ಅಲ್ಲಿ?"

"ಅದನ್ನೂ ಬರೆಸಿ ಬಂದೆ."

ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಅವನತ್ತ ತಿರುಗಿದಳು.

"ಫೋಟೋ ನನ್ನದು. ಜನ ಅದನ್ನ ಬೇರೆ ಥರ ತಿರುಗಿಸಿದ್ದು ನೋಡೀನೂ ಸುಮ್ಮನಿದ್ದೆ. ಅದನ್ನೂ ಹೇಳ್ದೆ. ನನ್ನ ಮೇಲೂ ಕೇಸ್ ಆಗ್ಬಹುದಂತೆ. ಆಗ್ಲಿ ಅಂದೆ."

ಮೈದುನ ಬಾಗಿಲ ಚೌಕಟ್ಟಿಗೆ ಒರಗಿದ. ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ, ಮತ್ತೆ ಉಜ್ಜಿಕೊಂಡ.

"ಹೊಡೆಯುವಾಗ ಅವನು ಕೈ ಅಡ್ಡ ಕೂಡ ತರ್ಲಿಲ್ಲ," ಎಂದ ಕೊನೆಗೆ. "ಯಾಕೆ ಅಂತ ಗೊತ್ತಾಗದೆ ನನ್ನ ಮುಖಾನೇ ನೋಡ್ತಿದ್ದ."

ಅವಳು ಎದ್ದು ಮೆಷಿನ್ನಿಗೆ ಮುಸುಕು ಹಾಕಿದಳು.

"ಯಾವ ಆಸ್ಪತ್ರೇಲಿದ್ದಾನೆ?"

"ಬಸ್‌ಸ್ಟ್ಯಾಂಡ್ ಹಿಂದಿನದ್ರಲ್ಲಿ. ನಾನೂ ಬರ್ತೀನಿ ಇರು. ಅಲ್ಲಿಂದ ಸ್ಟೇಷನ್ನು."

"ಅವನು ನಮ್ಮನ್ನ ಒಳಗೆ ಬಿಟ್ಕೊಳ್ಳಲ್ಲ ಅತ್ತಿಗೆ."

"ಬಿಟ್ಕೊಳ್ಳದೇ ಇರ್ಬಹುದು," ಎಂದು ಅವಳು ದೀಪ ಆರಿಸಿದಳು. "ಬಾಗಿಲ ಹೊರಗೆ ಕೂರೋಣ."