ಬಿಜಲಿಯ ಉಪವಾಸ

ನಿಂಬರ್ಗಾದ ಗುರುಶಾಂತ ಸಾವುಕಾರರು ಜೀವಮಾನದಲ್ಲಿ ಒಂದು ಸಲವೂ ಓಡಿದವರಲ್ಲ. ಬಸ್ಸು ಹೊರಟು ನಿಂತಿದ್ದರೂ ನಡೆದೇ ಹೋಗಿ, ತಪ್ಪಿಸಿಕೊಂಡು, ನಡೆದೇ ಮನೆಗೆ ಬಂದವರು. ಆದರೂ ಅವರ ಪಡಸಾಲೆಯ ಗೋಡೆ ತುಂಬ ಓಟದ ಕಪ್ಪುಗಳಿದ್ದವು. ಓಡಿದ್ದು ಅವರ ಎರಡು ಕಾರವಾನಿ ತಳಿಯ ಬೇಟೆನಾಯಿ, ಒಂದೇ ಸೂಲಿನ ಅಣ್ಣ ತಂಗಿ. ಉದ್ದ ಮೂತಿ, ಹಿಡಿಯಷ್ಟು ನಡು, ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವಂಥ ಕಾಲು. ಗಂಡು ತೂಫಾನ್, ಹೆಣ್ಣು ಬಿಜಲಿ. ಅಫಜಲಪುರ, ಜೇವರ್ಗಿ, ಅತ್ತ ಸೊಲ್ಲಾಪುರದ ಗಡಿಯವರೆಗೆ ಎಲ್ಲಿ ಪಂದ್ಯವಾದರೂ ನಾಯಿಗಳು ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದವು, ಹಾರ ಸಾವುಕಾರರ ಕೊರಳಿಗೆ ಬೀಳುತ್ತಿತ್ತು.

ಸಾವುಕಾರರ ಹೆಂಡತಿ ಶಿವಕಾಂತಾ ಮಾತ್ರ ಈ ವೈಭವದಿಂದ ದೂರ. ನಾಯಿ ಮನೆಯ ಹೊಸ್ತಿಲು ದಾಟಬಾರದು, ಇದು ಆಕೆಯ ಕಾಯಿದೆ. ಕಾರಣ ನಾಯಿಯಲ್ಲ, ನಾಯಿಯ ಊಟ. ಲಿಂಗವಂತರ ಮನೆ, ತತ್ತಿಯ ಸಿಪ್ಪೆ ಕೂಡ ಅಂಗಳಕ್ಕೆ ಬಿದ್ದದ್ದಿಲ್ಲ. ಬರಿ ರೊಟ್ಟಿ ತಿಂದ ನಾಯಿ ಪಂದ್ಯ ಗೆಲ್ಲುವುದಿಲ್ಲ ಎಂಬುದು ಸಾವುಕಾರರಿಗೂ ಗೊತ್ತಿತ್ತು. ಹಾಗಾಗಿ ತೊಗರಿ ಹೊಲದಂಚಿನಲ್ಲಿ ಒಂದು ತಗಡಿನ ಶೆಡ್ಡು, ಅಲ್ಲೊಂದು ಒಲೆ, ಒಲೆಯ ಮುಂದೆ ಆಳು ರಾಜೇಸಾಬ. ದಿನಾ ತತ್ತಿ, ಎರಡು ದಿನಕ್ಕೊಮ್ಮೆ ಖೀಮಾ. ಸಾವುಕಾರರು ಶೆಡ್ಡಿನ ಒಳಗೆ ಹೋಗದೆ ಹೊರಗೆ ಬೇವಿನ ಕೆಳಗೆ ನಿಂತು, ಮೂಗಿಗೆ ಟವೆಲ್ ಹಿಡಿದು, "ಹೊಟ್ಟಿ ತುಂಬ ಹಾಕೋ" ಎನ್ನುತ್ತಿದ್ದರು. ಧರ್ಮವೂ ಉಳಿಯಿತು, ಕಪ್ಪೂ ಬಂತು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಒಮ್ಮೆ ಅಫಜಲಪುರದ ಪಂದ್ಯದಲ್ಲಿ ಬಿಜಲಿ ಗೆದ್ದಾಗ, ಮೊಬೈಲ್ ಹಿಡಿದ ಚಾನೆಲ್ಲಿನವನೊಬ್ಬ ಸಾವುಕಾರರ ಬಾಯಿಗೆ ಮೈಕು ಒಡ್ಡಿ, "ಇದಕ್ಕ ಏನ್ ತಿನ್ನಸ್ತೀರಿ?" ಎಂದು ಕೇಳಿಬಿಟ್ಟ. ಸಾವುಕಾರರ ಎಡಕ್ಕೆ ಬೀಗರು, ಬಲಕ್ಕೆ ಮಠದ ಅಯ್ಯನವರು. ಮನುಷ್ಯ ಏನು ಮಾಡಬೇಕು?

"ನಮ್ಮ ಮನ್ಯಾಗ ಮತ್ತೇನ್ ಸಿಗ್ತದ್ರಿ? ಜ್ವಾಳದ ರೊಟ್ಟಿ, ತೊಗರಿ ಬ್ಯಾಳಿ, ಆಕಳ ಹಾಲು. ಪೂರಾ ಶಾಕಾಹಾರಿ."

ಅಯ್ಯನವರು ಅಲ್ಲೇ ನಾಯಿಯ ಹಣೆಗೆ ವಿಭೂತಿ ಹಚ್ಚಿದರು. ಅಂದಿನಿಂದ ಬಿಜಲಿ ಶಾಕಾಹಾರಿ. ಊರಿಗೆ ಊರೇ ಖೀಮಾದ ವಾಸನೆ ಬಲ್ಲದು, ಆದರೆ ಸಾವುಕಾರರ ಮುಖ ನೋಡಿ ಯಾರೂ ಬಾಯಿ ಬಿಡಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಪಾಪ, ಸಾವುಕಾರರು ತಾವು ತಿನ್ನಲಿಲ್ಲ, ತಿನ್ನಿಸಿದರು, ಅಷ್ಟೇ.

ನಾಯಿಗಳಿಗೆ ವಯಸ್ಸಾಯಿತು. ಕಪ್ಪುಗಳಿಗೆ ವಯಸ್ಸಾಗದ್ದರಿಂದ ಇದು ಸಾವುಕಾರರ ಲಕ್ಷ್ಯಕ್ಕೆ ಬರಲಿಲ್ಲ. ಹೋದ ಚಳಿಗಾಲದಲ್ಲಿ ತೂಫಾನ್ ಶೆಡ್ಡಿನಲ್ಲೇ ಸತ್ತಿತು, ಕೊರಳಲ್ಲಿ ಸರಪಳಿ ಇದ್ದ ಹಾಗೇ. ಸಾವುಕಾರರು ಅಂದು ಜೇವರ್ಗಿಯಲ್ಲಿ ಯಾರದೋ ಸನ್ಮಾನದಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು: 'ಶ್ವಾನರತ್ನ ತೂಫಾನನಿಗೆ ಭಾವಪೂರ್ಣ ಶ್ರದ್ಧಾಂಜಲಿ'. ಅದರಲ್ಲಿ ತೂಫಾನನ ಫೋಟೊ ಅಂಗೈಯಷ್ಟು, ಸಾವುಕಾರರದು ಆಳೆತ್ತರ.

"ಊರ ದಾರಿ ಕಡೆ ಮಾರಿ ಮಾಡಿ ಮಲಗಿತ್ರಿ ಅಕ್ಕಾರ. ಯಾರರ ಬರ್ತಾರಂತ ನೋಡಾಕತ್ತಿತ್ತೇನೋ," ಎಂದು ರಾಜೇಸಾಬ ಹೇಳಿದ ಮಾತು ಶಿವಕಾಂತಾಳ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಶೆಡ್ಡು ಮನೆಯಿಂದ ಕೂಗಳತೆ ದೂರ. ಖೀಮಾದ ಒಲೆಯ ಹತ್ತಿರ ಸುಳಿಯಬಾರದೆಂದು ಇಷ್ಟು ವರ್ಷ ಅತ್ತ ಹೆಜ್ಜೆ ಇಟ್ಟಿರಲಿಲ್ಲ. ಅದೇ ವಾರ ಬಿಜಲಿಯನ್ನು ತಾನೇ ಹೋಗಿ ಕರೆತಂದಳು. ಹೊಸ್ತಿಲ ಬಳಿ ನಾಯಿ ತಾನಾಗಿ ನಿಂತುಬಿಟ್ಟಿತು. ಒಳಗೆ ಬರಬಾರದೆಂದು ಅದಕ್ಕೆ ಚೆನ್ನಾಗಿ ಕಲಿಸಲಾಗಿತ್ತು. ಎತ್ತಿಕೊಂಡೇ ಒಳಗೆ ತರಬೇಕಾಯಿತು. ತಂದು ಪಡಸಾಲೆಯಲ್ಲಿ ಹಳೆ ಕೌದಿ ಹಾಸಿ ಮಲಗಿಸಿದಳು.

ರಾಜೇಸಾಬ ದಿನಾ ಬಂದು, ಬಿಜಲಿಯನ್ನು ಮೆಲ್ಲಗೆ ನಡೆಸಿಕೊಂಡು ಶೆಡ್ಡಿಗೆ ಹೋಗಿ, ಉಣಿಸಿ, ತಿರುಗಿ ತಂದು ಬಿಡುತ್ತಿದ್ದ. ಹಿಂಗಾಲು ಬೀಳುವವರೆಗೆ ಇದು ನಡೆಯಿತು. ಬಿದ್ದ ಮೇಲೆ ಬಿಜಲಿ ಕೌದಿ ಬಿಟ್ಟು ಏಳಲಿಲ್ಲ. ಹಾಲು, ರೊಟ್ಟಿ ಇಟ್ಟರೆ ಮೂಸಿ ಮುಖ ತಿರುಗಿಸುತ್ತಿತ್ತು.

ಆಳಂದದಿಂದ ದನದ ಡಾಕ್ಟರ್ ಅನೀಲಕುಮಾರ ಬಂದ. ತುಟಿ ಎತ್ತಿ ನೋಡಿದ, ಹೊಟ್ಟೆ ಒತ್ತಿ ನೋಡಿದ.

"ವಯಸ್ಸಾಗ್ಯದ್ರಿ. ಕಿಡ್ನಿ ಸೋತಾವ. ಭಾಳ ದಿನ ಇಲ್ಲ. ಇರೋತನಕ ಬಾಯಿಗೆ ರುಚಿ ಹತ್ತಿದ್ದು ಕೊಡ್ರಿ. ಮೊದಲಿಂದ ಏನ್ ತಿಂದು ಬೆಳದದ?"

ಸಾವುಕಾರರು ಬಾಗಿಲ ಕಡೆ ಒಮ್ಮೆ ನೋಡಿ, "ಜ್ವಾಳದ ರೊಟ್ಟಿ," ಎಂದರು.

ಡಾಕ್ಟರ್ ನಾಯಿಯನ್ನು ನೋಡಿದ, ಸಾವುಕಾರರನ್ನು ನೋಡಿದ. "ಹಂಗಾರ ಅದಕ್ಕ ಗೊತ್ತಾಗದ ಹಂಗ ಜರಾ ಮಾಂಸದ ಸಾರು ಕುಡಸ್ರಿ. ಮತ್ತ ನೋವು ತಡೀಲಾರದಂಗ ಆದ್ರ ಫೋನ್ ಮಾಡ್ರಿ. ಒಂದು ಇಂಜೆಕ್ಷನ್‌ನ್ಯಾಗ ತಣ್ಣಗ ಮಲಗಿಸ್ತೇನಿ."

ಆದರೆ ಸಾವುಕಾರರ ತಲೆಯಲ್ಲಿ ಬೇರೆಯೇ ನಡೆದಿತ್ತು. ತೂಫಾನನಿಗೆ ಸತ್ತ ಮೇಲೆ ಗೌರವ ಸಿಕ್ಕಿತು. ಬಿಜಲಿಗೆ ಬದುಕಿರುವಾಗಲೇ ಸಿಗಲಿ ಎಂಬ ಉದಾರ ಬುದ್ಧಿಯಿಂದ ಸೋಮವಾರಕ್ಕೆ ನಿವೃತ್ತಿ ಸನ್ಮಾನ ಗೊತ್ತು ಮಾಡಿದ್ದರು. ಅಯ್ಯನವರು, ಬೀಗರು, ಚಾನೆಲ್ಲಿನವನು, ಊರಿಗೆಲ್ಲ ಗೋದಿ ಹುಗ್ಗಿ. ಫ್ಲೆಕ್ಸ್ ಮೇಲೆ 'ಶುದ್ಧ ಶಾಕಾಹಾರಿ ಓಟದ ರಾಣಿ'. ಅಲ್ಲಿಯವರೆಗೆ ಶೆಡ್ಡಿನ ಒಲೆಯೂ ಹೊತ್ತಬಾರದು ಎಂದು ರಾಜೇಸಾಬನಿಗೆ ತಾಕೀತಾಗಿತ್ತು.

"ಸೋಮವಾರ ತನಕ ತಡಕೋ. ಆಮ್ಯಾಲ ಬೇಕಾದ್ರ ಇಡೀ ಕುರೀನ ತಿನ್ನಲಿ," ಎಂದರು ಹೆಂಡತಿಗೆ.

"ನಾ ತಡಕೋತೇನ್ರಿ. ಆಕಿಗೆ ಸೋಮವಾರ ಯಾವಾಗ ಬರ್ತದಂತ ಗೊತ್ತದೇನು?"

ಸಾವುಕಾರರು ಹುಗ್ಗಿಗೆ ಬೆಲ್ಲ ತರಲು ಹೋದರು.

ಶಿವಕಾಂತಾ ತನಗೆ ತಿಳಿದದ್ದೆಲ್ಲ ಮಾಡಿದಳು. ಹಾಲಿಗೆ ಬೆಲ್ಲ ಹಾಕಿದಳು. ಗಂಜಿಗೆ ತುಪ್ಪ ಹಾಕಿದಳು. ಶೇಂಗಾ ಹೋಳಿಗೆ ಮುರಿದು ಬಾಯಿಗಿಟ್ಟಳು. ಬಿಜಲಿ ಅದನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಮರ್ಯಾದೆಗೆಂಬಂತೆ, ಆಮೇಲೆ ಮೆಲ್ಲಗೆ ಕೌದಿಯ ಮೇಲೆ ಬಿಟ್ಟಿತು. ಪಕ್ಕದ ಮನೆಯ ನಿಂಬೆವ್ವ ಬಂದು ನೋಡಿ, ದೃಷ್ಟಿ ತಾಗಿದೆ, ಘತ್ತರಗಿಯ ಭಾಗ್ಯವಂತಿಗೆ ಹರಕೆ ಹೊತ್ತುಕೋ ಎಂದಳು. ಸಲಹೆ ಕೊಡಲು ಊರಲ್ಲಿ ಬರವಿಲ್ಲ. ಸಾರು ಕೊಡುವವರು ಮಾತ್ರ ಇಲ್ಲ.

ಸೋಮವಾರ ಬೆಳಿಗ್ಗೆ, ಅಂಗಳದಲ್ಲಿ ಹುಗ್ಗಿಯ ಕೊಪ್ಪರಿಗೆ ಏರುವ ಹೊತ್ತಿಗೆ, ಶಿವಕಾಂತಾ ಹಿತ್ತಲಿನಿಂದ ಹೊರಬಿದ್ದು ರಾಜೇಸಾಬನ ಮನೆಗೆ ಹೋದಳು. ಅವನ ಹೆಂಡತಿ ಶರೀಫಾಬಿ ಬಾಗಿಲಲ್ಲೇ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಯಾ ಅಲ್ಲಾ! ಅಕ್ಕಾರ, ನೀವು ನಮ್ಮ ಮನಿಗಿ?"

"ಒಂದು ಕೆಲಸ ಆಗಬೇಕಾಗ್ಯದ ಶರೀಫಾ. ಹ್ಯಾಂಗ ಕೇಳಬೇಕೋ ತಿಳೀವಲ್ದು."

ಕೇಳಿದಳು. ಶರೀಫಾಬಿ ನಗಲಿಲ್ಲ. "ಉಪ್ಪು ಖಾರ ಹಾಕಬಾರದ್ರಿ ಅದಕ್ಕ. ಎಲುಬು ಕುದಿಸಿ ಸೋಸಿ ಕೊಡ್ತೇನಿ. ಶೆಡ್ಡಿಗೆ ತರ್ಲೇನ್ರಿ?"

"ಶೆಡ್ಡಿಗೆ ಬ್ಯಾಡ," ಎಂದಳು ಶಿವಕಾಂತಾ. "ಮನಿಗೇ ತಾ. ಹಿತ್ತಲ ಬಾಗಿಲಿಗೆ ಇಡು. ಮಂದಿ ಹೋದ ಮ್ಯಾಲ ಕುಡಿಸ್ತೇನಿ."

ಮಧ್ಯಾಹ್ನ ಸನ್ಮಾನ ಶುರುವಾಯಿತು. ಬಿಜಲಿಯನ್ನು ಕೌದಿ ಸಮೇತ ತಂದು ಕಟ್ಟೆಯ ಮೇಲೆ ಮಲಗಿಸಿದರು. ಮೈಮೇಲೆ ಜರಿ ಶಾಲು, ಕೊರಳಿಗೆ ಸೇವಂತಿಗೆ ಹಾರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬೀಗರೊಬ್ಬರು ಮೈಕು ಹಿಡಿದು ಬಿಜಲಿಯ ಸಾಧನೆಯ ಬಗ್ಗೆ ಎರಡು ಮಾತು ಹೇಳುತ್ತೇನೆಂದು ಎದ್ದು, ತೊಗರಿಯ ಧಾರಣೆ, ತಮ್ಮ ಮೊಣಕಾಲು, ಇಂದಿನ ಹುಡುಗರ ನಡತೆ ಎಲ್ಲ ಮುಗಿಸಿ ಕುಳಿತರು. ಆಮೇಲೆ ಚಾನೆಲ್ಲಿನವನು ಮೊಬೈಲ್ ಎತ್ತಿದ. ಸಾವುಕಾರರು ಹಾಲಲ್ಲಿ ನೆನೆಸಿದ ರೊಟ್ಟಿ ಹಿಡಿದು ನಾಯಿಯ ಬಾಯಿಯ ಬಳಿ ಬಾಗಿದರು.

ಬಿಜಲಿ ಮುಖ ತಿರುಗಿಸಿತು.

ಸಾವುಕಾರರು ಆ ಕಡೆಗೆ ಹೋದರು. ಬಿಜಲಿ ಈ ಕಡೆಗೆ ತಿರುಗಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಊಟ ಬಿಟ್ಟು ಎಷ್ಟು ದಿನ ಆಯ್ತು?" ಅಯ್ಯನವರು ಕೇಳಿದರು.

"ನಾಕು ದಿನ ಆಯ್ತ್ರಿ ಅಪ್ಪಾವರೆ. ಏನೂ ಮುಟ್ಟವಲ್ದು."

ಅಯ್ಯನವರು ಕಣ್ಣು ಮುಚ್ಚಿದರು. ಕಣ್ಣು ತೆರೆದು, ಗದ್ಗದ ಕಂಠದಲ್ಲಿ, "ಇದು ರೋಗ ಅಲ್ಲೋ ಗುರುಶಾಂತ. ಉಪವಾಸ! ಕಾಲ ಬಂದದ್ದು ತಿಳಿದು ಅನ್ನ ಬಿಟ್ಟದ. ಪೂರ್ವಜನ್ಮದ ಪುಣ್ಯಾತ್ಮ ಇದು," ಎಂದರು.

ಅಷ್ಟೇ ಸಾಕಾಯಿತು. ಈಗಷ್ಟೇ ಕಿಸಕ್ಕೆಂದವನೇ ಮೊದಲು ಬಂದು ನಾಯಿಯ ಕಾಲಿಗೆ ಬಿದ್ದ. ನಿಂಬೆವ್ವ ಹೋಗಿ ಕುಂಕುಮ ತಂದಳು. ಯಾರೋ ತೆಂಗಿನಕಾಯಿ ಒಡೆದರು. ಜನ ಸಾಲು ಹಿಡಿದರು. ಗೋಡೆಗೆ ತಲೆ ಆನಿಸಿದ ಬಿಜಲಿ ನಡುಗುತ್ತಿತ್ತು. ಅದೂ ಪವಾಡವೇ ಎಂದು ಒಬ್ಬರು ವಿವರಿಸಿದರು.

"ಇನ್ನ ಇದಕ್ಕ ಅನ್ನ ತೋರಸಬ್ಯಾಡ್ರಿ," ಎಂದರು ಅಯ್ಯನವರು. "ವ್ರತ ಕೆಡಸಿದ ಪಾಪ ಬರ್ತದ. ಬರೇ ತೀರ್ಥ ಬಿಡ್ರಿ."

"ನಿಮ್ಮ ಅಪ್ಪಣೆ," ಎಂದರು ಸಾವುಕಾರರು. ಅವರ ಮುಖದಲ್ಲಿ ಬಿಜಲಿಯ ಸಮಾಧಿಯ ಮೇಲೆ ಒಂದು ಗದ್ದುಗೆ ಕಟ್ಟಿಸುವ ನಕ್ಷೆ ಮೂಡುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಶಿವಕಾಂತಾ ಇದನ್ನೆಲ್ಲ ಕೇಳಿದಳು. ಮಂದಿ ಹೋದ ಮೇಲೆ ಎಂದು ಕಾದಿದ್ದಳು. ಇನ್ನು ಮಂದಿ ಹೋಗುವುದೇ ಇಲ್ಲ. ಹಸಿದ ಜೀವವನ್ನು ಎಲ್ಲರೂ ಕೂಡಿ ಪೂಜೆ ಮಾಡಿ ಮಾಡಿ ಕೊಲ್ಲುತ್ತಾರೆ. ಸಿಟ್ಟು ಬಂತು. ಅಯ್ಯನವರ ಮೇಲೆ ಅಲ್ಲ, ಗಂಡನ ಮೇಲೂ ಅಷ್ಟಲ್ಲ, ಇಷ್ಟು ವರ್ಷ ಮೂಗು ಮುಚ್ಚಿಕೊಂಡು ಕೂತ ತನ್ನ ಮೇಲೆ.

ಹಿತ್ತಲಿಗೆ ಹೋದಳು. ಶರೀಫಾಬಿ ಇಟ್ಟಿದ್ದ ಬೋಗುಣಿ ಇನ್ನೂ ಬೆಚ್ಚಗಿತ್ತು. ತೆಗೆದುಕೊಂಡು, ಅಡಿಗೆಮನೆ ದಾಟಿ, ಪಡಸಾಲೆ ದಾಟಿ, ಮುಂಬಾಗಿಲಿನಿಂದಲೇ ಕಟ್ಟೆಗೆ ಬಂದಳು. ಸಾಲಿನಲ್ಲಿದ್ದವರು ತೀರ್ಥ ಬಂತೆಂದು ದಾರಿ ಬಿಟ್ಟರು. ಬಿಜಲಿಯ ಪಕ್ಕ ಕಾಲು ಚಾಚಿ ಕೂತು, ಶಾಲು ತೆಗೆದಿಟ್ಟಳು, ಹಾರ ತೆಗೆದಿಟ್ಟಳು. ಎಡ ಅಂಗೈಯಲ್ಲಿ ಅದರ ದವಡೆ ಹಿಡಿದು, ಬಲಗೈ ಗುಳಿ ಮಾಡಿ ಸಾರು ತುಂಬಿ ಒಡ್ಡಿದಳು.

ಬಿಜಲಿಯ ಮೂಗು ಅಲುಗಿತು. ಕಣ್ಣು ತೆರೆಯಿತು. ಆಮೇಲೆ ಆ ಪುಣ್ಯಾತ್ಮ ನಾಲಿಗೆ ಚಾಚಿ ಲಪಲಪ ಎಂದು ಕುಡಿದದ್ದು ಪಕ್ಕದಲ್ಲೇ ಇದ್ದ ಮೈಕಿನಲ್ಲಿ ಇಡೀ ಓಣಿಗೆ ಕೇಳಿತು. ಅಂಗೈ ಖಾಲಿಯಾಯಿತು, ಬೆರಳ ಸಂದಿ ನೆಕ್ಕಿತು, ಮುಂಗೈಗೆ ಹರಿದದ್ದನ್ನೂ ನೆಕ್ಕಿತು. ಮತ್ತೆ ತುಂಬಿದಳು.

ವಾಸನೆ ಸಭೆಯ ಕೊನೆಯ ಸಾಲಿಗೆ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು.

"ಏನದು?" ಎಂದರು ಸಾವುಕಾರರು.

"ಕುರಿ ಎಲುಬಿನ ಸಾರು," ಎಂದಳು ಶಿವಕಾಂತಾ, ತಲೆ ಎತ್ತದೆ. "ಉಪವಾಸ ಅಲ್ರಿ. ಹಸಿವಿ."

ಅಯ್ಯನವರಿಗೆ ಒಮ್ಮೆಲೇ ಆಳಂದದಲ್ಲಿ ಇನ್ನೊಂದು ಕಾರ್ಯಕ್ರಮ ಇದ್ದದ್ದು ನೆನಪಾಯಿತು. ಕಾಲಿಗೆ ಬಿದ್ದವರು ಹಣೆ ಒರೆಸಿಕೊಂಡರು. ಕುಲ ಕೆಟ್ಟಿತು, ಮನೆ ಕೆಟ್ಟಿತು, ಕಾಲ ಕೆಟ್ಟಿತು ಎಂದು ಮಾತಾಡಿಕೊಂಡರು. ಹುಗ್ಗಿ ಕೆಟ್ಟಿರಲಿಲ್ಲವಾದ್ದರಿಂದ, ಅದನ್ನು ಮಾತ್ರ ಯಾರೂ ಬಿಟ್ಟು ಹೋಗಲಿಲ್ಲ.

ಸಂಜೆ ಸಾವುಕಾರರು ಖಾಲಿ ಕುರ್ಚಿಗಳ ನಡುವೆ ಕೂತು, "ಮಂದ್ಯಾಗ ನನ್ನ ಮಾನ ಕಳದಿ," ಎಂದರು.

"ತೂಫಾನ್ ಹಸಕೊಂಡು ಹೋಯ್ತೋ, ಉಂಡು ಹೋಯ್ತೋ. ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ," ಎಂದಳು ಶಿವಕಾಂತಾ. "ಇಕಿದರ ಗೊತ್ತಿರ್ಲಿ."

ಮರುದಿನ ಬೆಳಿಗ್ಗೆ ನೋಡಿದರೆ, ಸಾವುಕಾರರು ರಾಜೇಸಾಬನ ಮನೆಯಿಂದ ಬೋಗುಣಿ ಹಿಡಿದು ಹಾಡಹಗಲು ನಡುಬೀದಿಯಲ್ಲಿ ಬರುತ್ತಿದ್ದರು. ಮೂಗಿಗೆ ಟವೆಲ್ ಇರಲಿಲ್ಲ. ಬಂದು ಕೌದಿಯ ಪಕ್ಕ ಕೂತು, ಅಂಜುತ್ತ ಕೈ ಅದ್ದಿದರು. ಗೆಲ್ಲಿಸಿದ ನಾಯಿಗೆ ಅವರು ಸ್ವಂತ ಕೈಯಿಂದ ಉಣಿಸಿದ್ದು ಅದೇ ಮೊದಲು. ನಾಲಿಗೆ ತಾಗಿದಾಗ ಬೆಚ್ಚಿ, ಆಮೇಲೆ ಕೈ ಹಿಂದೆ ತೆಗೆಯಲಿಲ್ಲ.

ಎರಡು ದಿನ ಬಿಜಲಿ ಉಂಡಿತು. ಆಮೇಲೆ ಸಾರಿಗೂ ಬಾಯಿ ತೆರೆಯಲಿಲ್ಲ, ಮುಟ್ಟಿದರೆ ನರಳುತ್ತಿತ್ತು. ಇದು ಹಸಿವಲ್ಲವೆಂದು ಶಿವಕಾಂತಾಳಿಗೆ ತಿಳಿಯಿತು. "ಡಾಕ್ಟರ್‌ಗೆ ಫೋನ್ ಮಾಡ್ರಿ," ಎಂದಳು. ಸಾವುಕಾರರು ಮಾಡಿದರು.

ಅನೀಲಕುಮಾರ ಸೂಜಿ ಹಾಕುವಾಗ ಬಿಜಲಿಯ ತಲೆ ಶಿವಕಾಂತಾಳ ತೊಡೆಯ ಮೇಲಿತ್ತು, ದವಡೆ ಅವಳ ಎಡ ಅಂಗೈಯಲ್ಲಿ. ಕಾಲು ಎರಡು ಸಲ ಓಡುವಂತೆ ಆಡಿ ನಿಂತವು. ಸಾವುಕಾರರು ಗೋಡೆಗೆ ಮುಖ ಮಾಡಿ ಮಗುವಿನ ಹಾಗೆ ಅತ್ತರು. ಫೋಟೊ ತೆಗೆಯಲು ಬಂದವನಿಗೆ, "ನಡಿ ಆ ಕಡೆ," ಎಂದರು. ಬೇವಿನ ಕೆಳಗೆ ಕುಣಿ ತೋಡಿದ್ದು ರಾಜೇಸಾಬ. ಮಣ್ಣು ಎಳೆದವರು ಗಂಡ ಹೆಂಡತಿ.

ಮರುದಿನ ಬೆಳಿಗ್ಗೆ ಶಿವಕಾಂತಾ ಸ್ನಾನ ಮಾಡಿ ಪೂಜೆಗೆ ಕೂತಳು. ಕೊರಳಿನ ಲಿಂಗ ಬಿಚ್ಚಿ, ಎಂದಿನಂತೆ, ಎಡ ಅಂಗೈ ಚಾಚಿದಳು. ಸಾಬೂನು ಹಚ್ಚಿ ತೊಳೆದಿದ್ದಳು, ಸೀಗೆಪುಡಿ ಹಚ್ಚಿ ತೊಳೆದಿದ್ದಳು, ಆದರೂ ಅಂಗೈಯಲ್ಲಿ ಬಿಜಲಿಯ ವಾಸನೆ ಸಣ್ಣಗೆ ಇತ್ತು. ಮತ್ತೊಮ್ಮೆ ತೊಳೆಯಲು ಏಳಬೇಕೆಂದುಕೊಂಡಳು. ಏಳಲಿಲ್ಲ. ಆ ಕೈಯ ಮೇಲೆಯೇ ಲಿಂಗವನ್ನಿಟ್ಟುಕೊಂಡಳು. ಅಷ್ಟು ದಿನ ಬಾರದ ಅಳು ಆಗ ಬಂತು.