ಕಾರ್ಡು ಸುಟ್ಟವರು

ಹಲ್ಲಿನ ಡಾಕ್ಟರಾಗಿದ್ದ ಅಕ್ಕ, ರೋಗಿಗಳಿಗೆ ಅವರವರ ದವಡೆಯ ಸ್ಕ್ಯಾನನ್ನು ಪರದೆಯ ಮೇಲೆ ತಿರುಗಿಸಿ ತೋರಿಸಲೆಂದು ಕ್ಲಿನಿಕ್ಕಿಗೆ ಹೊಸ ಕಂಪ್ಯೂಟರು ತರಿಸಿ ತಿಂಗಳಾಗಿತ್ತು. ಚಿತ್ರವೇನೋ ಸೊಗಸಾಗಿ ಬರುತ್ತಿತ್ತು. ಆದರೆ ದವಡೆ ತಿರುಗಲು ಶುರುವಾದೊಡನೆ ಒಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳು ಹೋ ಎಂದು ಬೊಬ್ಬೆ ಹೊಡೆಯುತ್ತಿದ್ದವು. ಡ್ರಿಲ್ಲಿನ ಹೆಸರಿಗೇ ಅರ್ಧ ಜೀವವಾಗಿ ಕೂತವರು ಕುರ್ಚಿಯ ಕೈ ಬಿಗಿಹಿಡಿದು, "ಡಾಕ್ಟ್ರೇ, ಅದನ್ನೂ ಬಾಯೊಳಗೆ ಹಾಕ್ತೀರಾ?" ಎಂದು ಕೇಳುತ್ತಿದ್ದರು. ನಾಲ್ಕನೆಯವರು ಕೇಳಿದ ದಿನ ಅಕ್ಕ ತಮ್ಮನಿಗೆ ಫೋನು ಮಾಡಿದಳು.

ತಮ್ಮ ಲಿಫ್ಟ್ ಮೆಕ್ಯಾನಿಕ್. "ಭಾನುವಾರ ಬೆಳಿಗ್ಗೆ ಬರ್ತೀನಿ. ಅಲ್ಲೀವರೆಗೆ ನೀನೇನೂ ಮುಟ್ಬೇಡ," ಎಂದ.

ಅವನು ಸುಮ್ಮನೆ ಹೇಳಿದ ಮಾತು. ಅವಳಿಗೆ ಮಾತ್ರ ಎಲ್ಲೋ ಚುರುಕ್ ಎಂದಿತು.

ಭಾನುವಾರ ಕ್ಲಿನಿಕ್ಕಿಗೆ ರಜೆ. ತಮ್ಮ ಅಕ್ಕನ ಗಾಲಿ ಸ್ಟೂಲನ್ನು ಎಳೆದುಕೊಂಡು ಕೂತ. ಅವಳು ಬೇರೆ ಜಾಗವಿಲ್ಲದೆ ರೋಗಿಯ ಕುರ್ಚಿಯಲ್ಲಿ ಒರಗಿದಳು. ಅವನು ಕಾರ್ಡಿನ ವೇಗವನ್ನೂ ವೋಲ್ಟೇಜನ್ನೂ ಏರಿಳಿಸುವ ಸಾಫ್ಟ್‌ವೇರ್ ಹಾಕಿ ತೆರೆದ. ಪರದೆಯ ಮೇಲೆ ಸಾಲಾಗಿ ಎಡಕ್ಕೂ ಬಲಕ್ಕೂ ಎಳೆಯುವ ಪಟ್ಟಿಗಳು, ಪಕ್ಕದಲ್ಲಿ ಶಾಖ ತೋರಿಸುವ ಅಂಕಿ.

"ಅಯ್ಯೋ, ಇದಿನ್ನೂ ಇದೆಯಾ!" ಅಕ್ಕ ಎದ್ದು ಕೂತಳು.

ಹದಿನಾರು ವರ್ಷಗಳ ಹಿಂದಿನ ಕೋಣೆ ಅವಳ ಕಣ್ಣಿಗೆ ಕಟ್ಟಿತು. ಎರಡು ಮಂಚ, ನಡುವೆ ಮೇಜು, ಮೇಜಿನ ಮೇಲೆ ಒಂದು ಮಗ್ಗುಲಿನ ತಗಡು ಕಳಚಿಟ್ಟ ಕಂಪ್ಯೂಟರು. ಒಂದು ಬೇಸಿಗೆಯಿಡೀ ಅಂಗಡಿಗಳಿಗೆ ಬೋರ್ಡು ಬರೆದು ತಮ್ಮ ಅದರ ಗ್ರಾಫಿಕ್ಸ್ ಕಾರ್ಡು ಸಂಪಾದಿಸಿದ್ದ. ಅವನು ವೇಗವನ್ನು ಹತ್ತು ಹತ್ತೇ ಏರಿಸುವುದು, ಕಾರ್ಡು ತಾಳುತ್ತದೆಯೇ ಎಂದು ಪರೀಕ್ಷೆ ಓಡಿಸುವುದು, ಬಂದ ಸ್ಕೋರನ್ನು ಅವಳು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆಯುವುದು. "ಇನ್ನೊಂದು ಹತ್ತು!" "ಬೇಡ ಕಣೋ, ಐದು ಸಾಕು!" ಮನೆಗಿದ್ದ ಒಂದೇ ಟೇಬಲ್ ಫ್ಯಾನು ಪೆಟ್ಟಿಗೆಯ ಸೇವೆಗೆ ನಿಂತಿರುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು, "ಹೆತ್ತವಳು ಬೆವರಿ ನೀರಾಗ್ತಿದ್ದೀನಿ, ನೀವು ತಗಡಿಗೆ ಗಾಳಿ ಹಾಕ್ತಾ ಕೂತಿದ್ದೀರಾ!" ಎನ್ನುತ್ತಿದ್ದಳು.

"ಏನೋ ಇದು, ವೋಲ್ಟೇಜು ಇಳಿಸ್ತಿದ್ದೀಯಾ?" ಅಕ್ಕನಿಗೆ ಅಚ್ಚರಿ. "ನಾವು ಏರಿಸ್ತಿದ್ವಲ್ಲ?"

"ಕಾರ್ಖಾನೆಯವರು ಎಲ್ಲರಿಗೂ ಒಂದೇ ಅಳತೆ ಅಂಗಿ ಹೊಲೀತಾರೆ. ನಿನ್ನ ಕಾರ್ಡಿಗೆ ಅದು ದೊಗಳೆ. ವೇಗ ಅಷ್ಟೇ ಇರ್ಲಿ, ವೋಲ್ಟೇಜು ಇಳಿಸೋಣ. ಕಾವೂ ಇಳಿಯುತ್ತೆ, ಬೊಬ್ಬೇನೂ ನಿಲ್ಲುತ್ತೆ."

ಒಂದೊಂದು ಮೆಟ್ಟಿಲು ಇಳಿಸಿದಾಗಲೂ ಹತ್ತು ನಿಮಿಷ ಪರೀಕ್ಷೆ ಓಡಿಸಿ ಕಾಯಬೇಕು. ಮೂರನೆಯ ಸಲ ಕಾಯುವಾಗ ಅಕ್ಕನಿಗೆ ತಡೆಯಲಾಗಲಿಲ್ಲ.

"ನಿನಗೊಂದು ಹೇಳ್ಬೇಕು ಕಣೋ. ಆ ಹಳೇ ಕಾರ್ಡು ತಾನಾಗೇ ಹೋಗ್ಲಿಲ್ಲ. ನಾನೇ ಸುಟ್ಟಿದ್ದು."

ತಮ್ಮ ಪರದೆಯಿಂದ ಕಣ್ಣು ತೆಗೆದ.

ಅವಳು ತಡವರಿಸುತ್ತಾ ಹೇಳಿದಳು. ಅವತ್ತು ಅವನ ವಾರ್ಷಿಕ ಪರೀಕ್ಷೆಯ ಕೊನೆಯ ದಿನ. ಅವಳು ಕಾಲೇಜಿನಿಂದ ರಜೆಗೆ ಬಂದಿದ್ದಳು. ಅವನು ಬರುವಷ್ಟರಲ್ಲಿ ದೊಡ್ಡ ಸ್ಕೋರು ತಂದು ಅವನನ್ನು ಬೆರಗುಗೊಳಿಸಬೇಕೆಂಬ ಆಸೆ. ವೇಗ ಏರಿಸಿದಳು, ಪರದೆಯ ತುಂಬ ಬಣ್ಣದ ಚುಕ್ಕೆ ಎದ್ದವು. ವೋಲ್ಟೇಜು ಕೊಟ್ಟಳು, ಚುಕ್ಕೆ ಹೋದವು. ಇನ್ನಷ್ಟು ಏರಿಸಿದಳು, ಇನ್ನಷ್ಟು ಕೊಟ್ಟಳು. ಸ್ಕೋರು ಬಂತು. ಬರೆದುಕೊಳ್ಳಲು ಪೆನ್ನು ಎತ್ತುವಷ್ಟರಲ್ಲಿ ಪರದೆ ಕಪ್ಪಾಗಿ, ಸುಟ್ಟ ವಾಸನೆ ಕೋಣೆಯಿಡೀ ಹಬ್ಬಿತು. ಕಿಟಕಿ ತೆರೆದು, ಸ್ವಿಚ್ಚು ಆರಿಸಿ, ಪುಸ್ತಕ ಹಿಡಿದು ಕೂತಳು.

"ನೀನು ಬಂದು ಗುಂಡಿ ಒತ್ತಿದೆ. ಪರೀಕ್ಷೆಗೆ ಹಾಕಿದ ಷರ್ಟನ್ನೂ ಬಿಚ್ಚದೆ ಕತ್ತಲಾಗೋವರೆಗೆ ಅದರ ಮುಂದೆ ಕೂತಿದ್ದೆ. ನಾನು 'ಧೂಳಿರ್ಬೇಕು' ಅಂದೆ."

ತಮ್ಮ ಎದ್ದು ಹೋಗಿ ಅವಳಿಗೆ ಬೆನ್ನು ಮಾಡಿ ಕಿಟಕಿಯ ಬಳಿ ನಿಂತ. ಬೈಯಲಿ, ಬೈದರೆ ಒಳ್ಳೆಯದು ಎಂದುಕೊಂಡಳು ಅಕ್ಕ. ಅವನ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೆಂದು ಅವಳು ಗಾಬರಿಯಾಗಿ ಕುರ್ಚಿಯಿಂದ ಇಳಿಯುವಷ್ಟರಲ್ಲಿ ಅವನು ತಿರುಗಿದ. ನಕ್ಕು ನಕ್ಕು ಕಣ್ಣಲ್ಲಿ ನೀರು.

"ಅಕ್ಕಾ, ಹಿಂದಿನ ದಿನ ನಾನು ಆ ಕಾರ್ಡು ಬಿಚ್ಚಿದ್ದೆ ಕಣೇ. ಚಿಪ್ಪಿನ ಕಾವು ಎಳೆಯೋಕೆ ಹಚ್ಚಿರ್ತಾರಲ್ಲ ಪೇಸ್ಟು, ಅದು ಒಣಗಿ ಪುಡಿಯಾಗಿತ್ತು. ಹೊಸದು ಎಲ್ಲೂ ಸಿಗ್ಲಿಲ್ಲ. ಟೂತ್‌ಪೇಸ್ಟಾದ್ರೂ ನಡೆಯುತ್ತೆ ಅಂದ ಗೆಳೆಯ."

"ಹಚ್ಚಿಬಿಟ್ಟೆಯಾ?"

"ಹಚ್ಚಿದೆ. ಅದೂ ನೀನು ಕಾಲೇಜಿಂದ ತಂದಿದ್ದ ಒಳ್ಳೇ ಟೂತ್‌ಪೇಸ್ಟು. ನಾನೇ ಕೊಂದೆ ಅಂತ ಇಷ್ಟು ವರ್ಷ ಯಾರಿಗೂ ಬಾಯಿಬಿಟ್ಟಿಲ್ಲ. ಅದಕ್ಕೇ ಲಿಫ್ಟಿನ ಒಂದು ನಟ್ಟಿಗೂ ಇವತ್ತಿನವರೆಗೆ ಅಸಲಿ ಬಿಟ್ಟು ಬೇರೇದು ಹಾಕಿಲ್ಲ. ಮೇಲಿನವರು ನನ್ನನ್ನ ಹಟಮಾರಿ ಅಂತಾರೆ."

"ಹಾಗಾದ್ರೆ ಟೂತ್‌ಪೇಸ್ಟೇ ಸುಟ್ಟಿದ್ದು!"

"ಅಷ್ಟು ವೋಲ್ಟೇಜಿಗೆ ಯಾವ ಪೇಸ್ಟು ತಡೆಯುತ್ತೆ? ನೀನೇ ಸುಟ್ಟಿದ್ದು."

"ಇಬ್ರೂ ಅಂತ ಬರ್ಕೋ," ಎಂದಳು ಅಕ್ಕ. ಇಬ್ಬರೂ ನಕ್ಕರು. ಕಾರ್ಡು ಹೋದ ಆ ಸಂಜೆಯ ನಂತರ ಅವರು ಒಟ್ಟಿಗೆ ಆ ಮೇಜಿಗೆ ಕೂತಿರಲಿಲ್ಲ. ಇವಳು ರಜೆ ಮುಗಿಯುವ ಮುಂಚೆಯೇ ಕಾಲೇಜಿಗೆ ಹೋದಳು, ಅವನು ಕೆಲಸ ಕಲಿಯಲು ಬೇರೆ ಊರಿಗೆ ಹೋದ. ಒಬ್ಬರಿಗೊಬ್ಬರು ಹೆದರಿ ಹದಿನಾರು ವರ್ಷ ಆ ಕೋಣೆಯ ಮಾತನ್ನೇ ಎತ್ತಿರಲಿಲ್ಲ. ಕಾರ್ಡಿಗಿಂತ ಇದೇ ದೊಡ್ಡ ನಷ್ಟವೆಂದು ಅಕ್ಕನಿಗೆ ಈಗ ಅನಿಸಿತು.

"ಆ ಸ್ಕೋರು ಎಷ್ಟು ಬಂದಿತ್ತು? ನೆನಪಿದೆಯಾ?" ತಮ್ಮ ಕೇಳಿದ.

"ಮರೆಯೋಕಾಗುತ್ತಾ? ಒಂಬತ್ತು ಸಾವಿರದ ನಾನೂರ ಹನ್ನೆರಡು."

ತಮ್ಮ ಶಿಳ್ಳೆ ಹಾಕಿದ. "ನಾನು ಒಂಬತ್ತು ಸಾವಿರ ದಾಟಿರ್ಲೇ ಇಲ್ಲ ಕಣೇ!"

ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಶಾಖ ಎಂಬತ್ತೆರಡರಿಂದ ಅರವತ್ತಾರಕ್ಕೆ ಇಳಿದಿತ್ತು. ತಮ್ಮ ಹೊಸ ಲೆಕ್ಕ ಉಳಿಸುವ ಗುಂಡಿಯ ಮೇಲೆ ಬೆರಳಿಟ್ಟವನು ಅಲ್ಲೇ ನಿಲ್ಲಿಸಿ ಅಕ್ಕನ ಮುಖ ನೋಡಿದ. "ಉಳಿಸೋ ಮುಂಚೆ ಒಂದೇ ಒಂದ್ಸಲ, ವೇಗ ಏರಿಸಿ ನೋಡೋಣ್ವಾ?"

"ಹತ್ತು," ಎಂದಳು ಅಕ್ಕ. ಬಳಿಕ, "ಇನ್ನೊಂದು ಹತ್ತು."

ಎಂಟನೆಯ ಹತ್ತಕ್ಕೆ ಪರದೆ ಗಕ್ಕನೆ ಕಪ್ಪಾಯಿತು. ಅಕ್ಕ ಹೌಹಾರಿ ತಮ್ಮನ ತೋಳು ಹಿಡಿದಳು. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ಚಿತ್ರ ಮರಳಿ ಬಂತು.

"ಈಗಿನ ಕಾರ್ಡು ನಮಗಿಂತ ಜಾಣ, ಸುಡೋ ಮುಂಚೆ ತಾನೇ ಹಿಂದೆ ಸರಿಯುತ್ತೆ," ಎಂದ ತಮ್ಮ. ಇಳಿಸಿದ ಲೆಕ್ಕವನ್ನೇ ಮತ್ತೆ ಹಾಕಿ ಉಳಿಸಿ, ಯಾರದೋ ಎರಡೂ ದವಡೆಗಳನ್ನು ಪರದೆಗೆ ತಂದು ತಿರುಗಿಸಿದ. ಮೂವತ್ತೆರಡು ಹಲ್ಲೂ ಸದ್ದಿಲ್ಲದೆ ಸುತ್ತತೊಡಗಿದವು.