ಎದೆಯ ಮೇಲಿನ ಗೋಪುರ

ರೆಬ್ವಾರ್ ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಾಗಿನಿಂದಲೂ ನನಗೆ ಅವನ ಮೇಲೆ ಅನುಮಾನವಿತ್ತು. ಬಂದದ್ದು ಇರಾನಿನಿಂದ, ಆದರೆ ಇರಾನಿಯೇ ಎಂದು ಕೇಳಿದರೆ, ಅಲ್ಲ, ಕುರ್ದ್ ಜನಾಂಗದವನು ಎನ್ನುತ್ತಿದ್ದ. ಫೋನ್ ಎತ್ತಿದರೆ ತಾನಾಗಿ ಹಲೋ ಅನ್ನುತ್ತಿರಲಿಲ್ಲ. ಆ ಕಡೆಯವರ ದನಿ ಗುರುತು ಸಿಗುವವರೆಗೆ ಸುಮ್ಮನೆ ಕೇಳುತ್ತಿದ್ದ.

"ನಿನಗ ಎಲ್ಲಾರೂ ಸಿಐಡಿನ ಕಾಣಸ್ತಾರ," ಎಂದು ನಮ್ಮವರು ನಗುತ್ತಿದ್ದರು. ನಮ್ಮವರು ಎಂದರೆ ನೀಲಕಂಠಪ್ಪ. ಕಡಲಾಚೆ ಬಂದು ನಾವು ನೆಲೆಸಿದ್ದ ಪೊಮೊನಾದ ಯೂನಿವರ್ಸಿಟಿಯಲ್ಲಿ ಅವನಿಗೆ ಪಾಠ ಹೇಳುವ ಮೇಷ್ಟ್ರು. "ಹುಡುಗ ಥಂಡಿಗೆ ನಡಗತಾನ. ನನ್ನ ಹಸಿರು ಸ್ವೆಟರ್ ಕೊಡು. ನನ್ನ ಹೊಟ್ಟಿ ಅದನ್ನ ಯಾವಾಗೋ ಬಿಟ್ಟೈತಿ."

ಅದು ನಾನೇ ಹೆಣೆದದ್ದು. ಎದೆಯ ಮೇಲೆ ಬಿಳಿ ಉಣ್ಣೆಯಲ್ಲಿ ಕಸೂತಿಯ ಗೋಪುರ ಹಾಕಿದ್ದೆ. ಸ್ವೆಟರ್ ತೊಟ್ಟ ದಿನ ಅವನು ಮೊದಲ ಬಾರಿಗೆ ಮನೆಯ ಮಾತಾಡಿದ. ಅಪ್ಪ ಸನಂದಜ್‌ನಲ್ಲಿ ಶಾಲಾಮಾಸ್ತರು. ಮಕ್ಕಳಿಗೆ ಕುರ್ದಿಷ್ ಬರೆಯಲು ಕಲಿಸಿದ್ದಕ್ಕೆ ಒಮ್ಮೆ ಜೈಲು ಕಂಡವರು. ಮಗ ಇಲ್ಲಿ ದೊರೆಯ ವಿರುದ್ಧ ಚಳವಳಿ ಮಾಡುತ್ತಾನೆಂದು ಅಲ್ಲಿನ ಗುಪ್ತ ಪೊಲೀಸರಿಗೆ ಗೊತ್ತಾದರೆ ಅವರನ್ನು ಮತ್ತೆ ಒಯ್ಯುತ್ತಾರೆ, ಈ ಸಲ ಬಿಡುವುದಿಲ್ಲ ಎಂದ.

ಅದು ೧೯೭೮. ಏಪ್ರಿಲ್‌ನಲ್ಲಿ ನಮ್ಮವರನ್ನು ಕರೆತರಲು ಹೋದಾಗ ಕ್ಯಾಂಪಸ್ಸಿನಲ್ಲಿ ಇರಾನಿನಿಂದ ಬಂದ ವಿದ್ಯಾರ್ಥಿಗಳ ಮೆರವಣಿಗೆ ನಡೆದಿತ್ತು. ದೊರೆಯ ಗೂಢಚಾರರಿಗೆ ಗುರುತು ಸಿಗಬಾರದೆಂದು ಎಲ್ಲರೂ ಕಿರಾಣಿ ಅಂಗಡಿಯ ಕಾಗದದ ಚೀಲ ತಲೆಗೆ ಹಾಕಿ, ಕಣ್ಣಿಗೆ ತೂತು ಕೊರೆದಿದ್ದರು. ಚುನಾವಣೆ ಬೇಕು, ನಮ್ಮ ಭಾಷೆಯ ಶಾಲೆ ಬೇಕು ಎಂಬ ಫಲಕಗಳು. ಅವುಗಳ ನಡುವೆ ಒಂದು ಎದೆಯ ಮೇಲೆ ನನ್ನ ಗೋಪುರ.

ಚೀಲ ಮುಖ ಮುಚ್ಚಿತ್ತು, ಸ್ವೆಟರ್ ಹೆಸರು ಹೇಳುತ್ತಿತ್ತು.

"ಸೀರೆ ಚೆನ್ನಾಗಿದೆ, ಮೇಡಂ," ಎಂದಿತು ಪಕ್ಕದ ದನಿ. ಕಂದು ಕೋಟು, ಕೊರಳಲ್ಲಿ ಕ್ಯಾಮೆರಾ. "ನಿಮ್ಮ ಸೆರಗಿನ ಮೇಲಿರುವ ಚಿತ್ರವೇ ಆ ಹುಡುಗನ ಮೈಮೇಲೂ ಇದೆಯಲ್ಲ."

ನನ್ನ ಇಳಕಲ್ ಸೀರೆ ನನಗೆ ಮರೆತೇ ಹೋಗಿತ್ತು.

"ಚರ್ಚಿನವರಿಗೆ ಹಳೇ ಬಟ್ಟೆ ಕೊಟ್ಟಿದ್ದೆ. ಯಾರು ಕೊಂಡರೋ."

"ಯಾವ ಚರ್ಚು?"

"ಚಾಟ್ಸ್‌ವರ್ತ್ ಕಡೆಯದು. ಹೆಸರು ನೆನಪಿಲ್ಲ."

"ಪೊಮೊನಾದಿಂದ ಅಷ್ಟು ದೂರ ಹೋಗಿ ಕೊಟ್ಟಿರಾ?" ನಕ್ಕ. ಕ್ಯಾಮೆರಾ ಎತ್ತಿ ನನ್ನದೊಂದು ಫೋಟೋ ತೆಗೆದುಕೊಂಡ.

ಸಂಜೆ ರೆಬ್ವಾರ್ ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತ. "ಆ ಕ್ಯಾಮೆರಾದವನ ಜೊತೆ ಏನು ಮಾತಾಡಿದಿರಿ?"

"ಸುಳ್ಳು ಹೇಳಿದೆ. ಅವನು ನಂಬಲಿಲ್ಲ. ಮೊದಲು ಆ ಸ್ವೆಟರ್ ಬಿಚ್ಚಿ ಕೊಡು."

"ಅವನಿಗೆ ತೋರಿಸಲಿಕ್ಕಾ?"

ನನಗೆ ಸಿಟ್ಟು ಬಂತು. ಹಾಗೇನಿಲ್ಲ ಎಂದೆ. ಆ ಮಾತು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

"ನೀವು ಯಾವಾಗಲೂ ನನ್ನನ್ನೇ ನೋಡುತ್ತಿರುತ್ತೀರಿ," ಎಂದ. "ನಾನು ಫೋನ್ ಹಿಡಿದಾಗ ಪಾತ್ರೆ ತೊಳೆಯುವುದನ್ನು ನಿಲ್ಲಿಸುತ್ತೀರಿ. ನನಗೆ ಗೊತ್ತಾಗುವುದಿಲ್ಲವೆ?"

ಗೊತ್ತಾಗಿತ್ತು.

ನಮ್ಮವರು ಅವನನ್ನು ಒಳಗೆ ಕರೆದು ಮುಂದೆ ತಟ್ಟೆ ಇಟ್ಟರು. ತಾವೂ ಕೂತು ಚಪಾತಿ ಮುರಿದರು. ಅವರು ತಿನ್ನುವುದನ್ನು ರೆಬ್ವಾರ್ ನೋಡಿದ, ತಾನು ಮುಟ್ಟಲಿಲ್ಲ. ಸ್ವೆಟರ್ ಮೈಮೇಲೆಯೇ ಇತ್ತು. ಅದರ ಮೇಲೆ ಜಾಕೆಟ್ ಹಾಕಿ ಕುತ್ತಿಗೆಯವರೆಗೆ ಜಿಪ್ ಎಳೆದುಕೊಂಡು, ಪುಸ್ತಕಗಳ ಚೀಲ ಹೆಗಲಿಗೇರಿಸಿದ.

"ಎಲ್ಲಿಗೆ?" ಎಂದರು ನಮ್ಮವರು.

ಅವನು ನನ್ನ ಕಡೆ ನೋಡಿ, "ಸ್ಯಾನ್ ಡಿಯೇಗೋ," ಎಂದ.

ಅವನು ಹೋದ ಮೇಲೆ ನಮ್ಮವರು, "ಅಲ್ಲಿ ಯಾರದಾರ ಅವಗ?" ಎಂದರು.

ಇರಲಿಕ್ಕಿಲ್ಲ ಎಂದೆ. ಕ್ಯಾಮೆರಾದವನು ನಾಳೆ ನನ್ನನ್ನೇ ಕೇಳಿಕೊಂಡು ಬರಬಹುದು, ನನ್ನೆದುರು ರೆಬ್ವಾರ್ ನಿಜ ಹೇಳಿರಬಾರದು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.